ಅಂಗೈಯ ಲಿಂಗ, ಹೆರಿಗಿ ಕೋಣಿಯ ಬಾಗಿಲು

ನಮ್ಮ ಓಣಿಯ ರೇಣುಕಾಗೆ ದವಾಖಾನಿಯಲ್ಲಿ ಆಯಾ ಕೆಲಸ ಸಿಕ್ಕಿದೆ. ಖಾಯಂ ಅಲ್ಲ, ಗುತ್ತಿಗಿ. ಮೊನ್ನೆ ನಮ್ಮ ಕಟ್ಟಿಯ ಮೇಲೆ ಬಂದು ಕೂತು ಕೇಳಿದಳು:

"ಅಜ್ಜಿ, ರಕ್ತ ನೋಡಿ ನಿನಗ ಅಂಜಿಕಿ ಬರ್ತಿದ್ದಿಲ್ಲೇನು?"

ರಕ್ತಕ್ಕೆ ಯಾರೂ ಭಾಳ ದಿನ ಅಂಜುವುದಿಲ್ಲ. ಮೊದಲು ಮೂಗು ಮುಚ್ಚಿಕೊಳ್ಳುತ್ತೀರಿ, ಆಮೇಲೆ ಕೈ ತೊಳೆದುಕೊಂಡು ಅದೇ ಕೈಯಿಂದ ರೊಟ್ಟಿ ಮುರಿಯುತ್ತೀರಿ. ದವಾಖಾನಿಯಲ್ಲಿ ಅಂಜಿಕಿ ಬರುವುದು ಜೀಪಿಗೆ. ಅಂಗಳದಲ್ಲಿ ಜೀಪು ನಿಂತು, ಬಾಗಿಲು ಧಡ್ ಅಂತ ಹಾಕಿದ ಸಪ್ಪಳಕ್ಕೆ. ಅದರಿಂದ ಇಳಿದವರ ಬಿಳಿ ಬಟ್ಟಿಗೆ. ಈ ಮಾತನ್ನು ಬಾಯಿಂದ ಹೇಳಿದರೆ ಆ ಹುಡುಗಿ ನಾಳೆಗೆ ಮರೆಯುತ್ತಾಳೆ, ಅದಕ್ಕೆ ಬರೆಯಲು ಕೂತಿದ್ದೇನೆ. ನಾನು ಮೂರನೇ ಇಯತ್ತೆ ಓದಿದಾಕಿ. ಅಕ್ಷರ ಕೂಡಿಸಲು ಬರುತ್ತದೆ, ಚಂದ ಮಾಡಲು ಬರುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲೂಕಿನಲ್ಲಿ ದವಾಖಾನಿಯ ನೆಲ ಒರೆಸಿದ್ದೇನೆ. ಯಾವ ಸಂಗತಿ ಯಾವ ಊರಲ್ಲಿ ನಡೆಯಿತು ಅಂತ ಎಲ್ಲಾ ಹೇಳುವುದಿಲ್ಲ. ಅದರೊಳಗಿನ ಮಂದಿ ಇನ್ನೂ ಬದುಕಿದ್ದಾರೆ, ಮೊಮ್ಮಕ್ಕಳಿಗೆ ಕನ್ಯಾ ನೋಡುತ್ತಿದ್ದಾರೆ.

ನನ್ನ ಗಂಡ ದವಾಖಾನಿಯ ವಾಚಮನ್ ಇದ್ದ. ಜ್ವರ ಬಂದು, ತಾನು ಕಾಯುತ್ತಿದ್ದ ದವಾಖಾನಿಯಲ್ಲೇ ತೀರಿಕೊಂಡ. ಮನಿಯಲ್ಲಿ ನಾನು, ನಮ್ಮ ಅತ್ತಿ, ಸಣ್ಣ ಮಗ ಉಳಿದೆವು. ಆತನ ಬದಲಿಗೆ ನನಗೆ ಆಯಾ ಕೆಲಸ ಕೊಡುತ್ತೇವೆ ಅಂತ ಕರೆಸಿದರು. ಕೊಪ್ಪಳದ ಆಫೀಸಿನಲ್ಲಿ ದೊಡ್ಡ ಸಾಹೇಬರ ಮುಂದೆ ನಿಲ್ಲಿಸಿದರು. ಗಾಜಿನ ಟೇಬಲ್ಲು, ಮೇಲೆ ಫ್ಯಾನು. ಸಾಹೇಬರು ಕೇಳಿದರು:

"ಗಂಡನ ಹೆಸರು ಏನಮ್ಮಾ?"

ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಸತ್ತ ಮೇಲೂ ಹೇಳುವುದಿಲ್ಲ. ಸುಮ್ಮನೆ ನಿಂತೆ. ಸಾಹೇಬರು ಮತ್ತೊಮ್ಮೆ ಕೇಳಿದರು, ಮತ್ತೂ ಜೋರಾಗಿ ಕೇಳಿದರು, ಕಡೆಗೆ ಸಿಪಾಯಿಯ ಕಡೆ ತಿರುಗಿದರು.

"ಏನಪ್ಪಾ, ಕಿವಿ ಕೇಳಸ್ತದೇನು ಇವರಿಗೆ?"

"ಕೇಳಸ್ತೈತ್ರಿ ಸಾಹೇಬ್ರ. ಗಂಡನ ಹೆಸರು ಹೇಳಾಂಗಿಲ್ರಿ ಆಕಿ."

"ಹೇಳಾಂಗಿಲ್ಲ ಅಂತನಾದ್ರೂ ಹೇಳಬೇಕಲ್ಲೋ."

ಅದನ್ನೂ ನಾನು ಹೇಳಲಿಲ್ಲ. ಪದ್ಧತಿ ಅನ್ನುವುದು ನೆಪ, ನಾಲಿಗಿ ಅಂಗುಳಕ್ಕೆ ಅಂಟಿತ್ತು. ಅವರ ಮುಖ ಹೇಗಿತ್ತು ಅಂತ ಇವತ್ತು ಕೇಳಿದರೆ ಗೊತ್ತಿಲ್ಲ. ಟೇಬಲ್ಲಿನ ಮೇಲೆ ಕಾಗದ ಹಾರಬಾರದೆಂದು ಇಟ್ಟ ಗಾಜಿನ ಗುಂಡು ಒಂದನ್ನೇ ನೋಡಿದೆ. ಸಿಪಾಯಿಯೇ ಹೆಸರು ಹೇಳಿದ, ಕೆಲಸ ಆಯಿತು.

ಆಗಿನ ಕೆಲಸ ನಿಮಗೆ ಹೇಳಿದರೆ ನಗುತ್ತೀರಿ. ಕತ್ತರಿ, ಚಿಮಟಿಗಿಗಳನ್ನು ಸೀಮೆಎಣ್ಣಿ ಸ್ಟೌವಿನ ಮೇಲೆ ಬೋಗುಣಿಯಲ್ಲಿ ಕುದಿಸುತ್ತಿದ್ದೆವು. ಕೈಗೆ ಹಾಕುವ ರಬ್ಬರಿನ ಗವುಸು ಒಂದೇ ಸಲಕ್ಕೆ ಒಗೆಯುವಂತಿರಲಿಲ್ಲ. ತೊಳೆದು, ಹಗ್ಗಕ್ಕೆ ಶಾವಿಗಿ ಹಂಗ ಜೋತು ಬಿಟ್ಟು, ಪೌಡರು ಹಚ್ಚಿ ಮತ್ತೆ ಮತ್ತೆ ಹಾಕುವುದು. ಹೊಕ್ಕುಳ ಬಳ್ಳಿಗೆ ದಾರ ಕಟ್ಟುತ್ತಿದ್ದರು, ಈಗಿನ ಹಾಗೆ ಪ್ಲಾಸ್ಟಿಕ್ಕಿನ ಚಿಮಟಿ ಇರಲಿಲ್ಲ. ಬಸುರಿಯರು ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಬರುತ್ತಿದ್ದರು. ಈಗ ಫೋನು ಮಾಡಿದರೆ ಗಾಡಿ ಬರುತ್ತದೆ, ಕಸಕ್ಕೆ ಕೆಂಪು ಬುಟ್ಟಿ, ಹಳದಿ ಬುಟ್ಟಿ ಬೇರೆ ಬೇರೆ ಇವೆ. ಇದು ಛಲೋ ಆಗಿದೆ. ಹಳೇದೇ ಛಲೋ ಇತ್ತು ಅನ್ನುವ ಮುದುಕಿ ನಾನಲ್ಲ. ಆವಾಗ ಬಾಣಂತಿಯರು ಸಾಯುತ್ತಿದ್ದರು, ಈಗ ಕಡಿಮಿ ಸಾಯುತ್ತಾರೆ.

ನಮ್ಮ ಮೇಲಿನವರು ಇಬ್ಬರು. ಹೆರಿಗಿ ಮಾಡಿಸುವಾಕಿ ಶಾಂತಾ ಸಿಸ್ಟರು. ಕತ್ತರಿ ಎಣಿಸದೆ ಮನಿಗೆ ಬಿಡುತ್ತಿರಲಿಲ್ಲ, ಒಂದು ಕಡಿಮಿ ಬಂದರೆ ನಮ್ಮ ಸೀರಿ ಜಾಡಿಸಿ ನೋಡುವಾಕಿ. ಇನ್ನೊಬ್ಬರು ದವಾಖಾನಿಯ ಡಾಕ್ಟರು. ಕೈಗುಣ ಛಲೋ ಇತ್ತು. ಆದರೆ ಅಂಗಳದಲ್ಲಿ ಜೀಪಿನ ಸಪ್ಪಳ ಕೇಳಿದರೆ ಅವರಿಗೆ ಹೊಟ್ಟಿ ಕೆಡುತ್ತಿತ್ತು. ಕಕ್ಕಸದ ಬಾಗಿಲು ಹಾಕಿಕೊಂಡರೆ ಜೀಪು ಹೋದ ಮೇಲೇ ಹೊರಗೆ ಬರುವುದು. ನಾವು ನಗುತ್ತಿದ್ದೆವು. ನಗುವುದಕ್ಕೆ ಏನಿತ್ತು, ನಮಗೂ ಅಂಥದೊಂದು ಜಾಗ ಸಿಕ್ಕಿದ್ದರೆ ನಾವೂ ಹೊಗುತ್ತಿದ್ದೆವು.

ಒಂದು ಸಲ ಸಿನಿಮಾದವರು ಒಬ್ಬರು ಬಂದರು. ಗೋಡೆ ಗೋಡೆಗೆ ಅವರ ಮುಖ ಅಂಟಿಸಿದ್ದ ಕಾಲ. ಓಟಿನ ಪ್ರಚಾರಕ್ಕೆ ಬಂದವರು ದಾರಿಯಲ್ಲಿ ಬಾಣಂತಿಯರಿಗೆ ಹಣ್ಣು, ಬ್ರೆಡ್ಡು ಹಂಚಿ ಹೋಗುತ್ತೇನೆ ಅಂದರಂತೆ. ಊರಿಗೆ ಊರೇ ದವಾಖಾನಿ ಕಂಪೌಂಡಿನ ಮೇಲೆ ಹತ್ತಿತು. ನಾನು ಬಾಣಂತಿಯರ ಕೋಣಿಯಿಂದ ಬೆಡ್ ಪ್ಯಾನು ಹಿಡಿದುಕೊಂಡು ಹೊರಗೆ ಬರುತ್ತಿದ್ದೆ. ಖಾಲಿ ಇರಲಿಲ್ಲ, ಮೇಲೊಂದು ಅರಿವಿ ಮುಚ್ಚಿತ್ತು. ಎದುರಿಗೇ ಅವರು. ಫೋಟೋದವರು ಹಿಂದೆ ಹಿಂದೆ ನಡೆಯುತ್ತಾ ಬರುತ್ತಿದ್ದಾರೆ. ಅವರು ನಕ್ಕು, "ಏನಮ್ಮಾ, ಚೆನ್ನಾಗಿದ್ದೀರಾ?" ಅಂತ ನನ್ನ ಕಡೆ ಎರಡೂ ಕೈ ಚಾಚಿದರು. ಕೈ ಹಿಡಿದು ಮಾತಾಡಿಸೋಣ ಅಂತ ಇದ್ದೀತು. ನನ್ನ ಕಣ್ಣಿಗೆ ಕತ್ತಲು ಬಂತು. ಚಾಚಿದ ಕೈ ಏನನ್ನೋ ಬೇಡುತ್ತಿದೆ ಅನ್ನುವುದಷ್ಟೇ ತಿಳಿಯಿತು. ಬೆಡ್ ಪ್ಯಾನನ್ನು ಅವರ ಕೈಯಲ್ಲಿ ಇಟ್ಟೆ.

ಅವರೂ ಅದನ್ನು ಹಿಡಿದುಕೊಂಡು ಫೋಟೋಕ್ಕೆ ನಕ್ಕರು. ಏನೋ ಪ್ರಸಾದ ಅಂದುಕೊಂಡರೋ ಏನೋ. ವಾಸನಿ ಮೂಗಿಗೆ ಹತ್ತಿದ ಮೇಲೆ ನಗು ಹಂಗೇ ಇತ್ತು, ಕಣ್ಣು ಮಾತ್ರ ಬದಲಾಯಿತು ಅಂತ ಕಂಪೌಂಡಿನ ಮೇಲಿದ್ದವರು ಆಮೇಲೆ ಹೇಳಿದರು. ಶಾಂತಾ ಸಿಸ್ಟರು ಓಡಿ ಬಂದು ಕಸಿದುಕೊಂಡರು.

ಮನಿಗೆ ಬಂದು ನಮ್ಮ ಅತ್ತಿಗೆ ಹೇಳಿದೆ. ಕೆಲಸ ಹೋಗುತ್ತದೆ ಅಂತ ನಾನು ಅಳುತ್ತಿದ್ದೆ, ನಮ್ಮ ಅತ್ತಿ ಗೋಡಿಗೆ ಒರಗಿ ನಕ್ಕಳು. ಸಾಕಾಗುವಷ್ಟು ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದಳು:

"ಆತನ ಮಾರಿ ಹೆಂಗಿತ್ತು?"

"ನೋಡಲೇ ಇಲ್ಲ ಅತ್ತಿ. ಕಣ್ಣ ಕತ್ತಲ ಬಂತು."

"ಊರ ಮಂದೆಲ್ಲಾ ಕಂಪೌಂಡ ಏರಿ ನೋಡ್ಯಾರ. ನೀ ಎದುರಿಗೆ ನಿಂತು ನೋಡಿಲ್ಲ. ದಿನಾ ಮುಂಜಾನೆ ಲಿಂಗ ಅಂಗೈಯಾಗ ಇಟಗೊಂಡು ಕುಂದರ್ತೀಯಲ್ಲ, ಅವಾಗ ಏನ ನೋಡ್ತೀ?"

ಖರೇ ಹೇಳಿದೆ. "ಗಡಿಯಾರ ನೋಡ್ತೀನಿ."

ನಮ್ಮದು ಲಿಂಗ ಕಟ್ಟಿದ ಮನಿ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಇದೆ. ಮುಂಜಾನೆ ಅದನ್ನು ಎಡಗೈ ಮೇಲೆ ಇಟ್ಟುಕೊಂಡು, ನೀರು ಹಾಕಿ, ಇಭೂತಿ ಹಚ್ಚಿ, ಎರಡು ಎಲಿ ಪತ್ರಿ ಇಟ್ಟು, ಕಣ್ಣಿಗೆ ಒತ್ತಿಕೊಂಡು ಮತ್ತೆ ಕೊರಳಿಗೆ ಹಾಕಿಕೊಳ್ಳುವುದು. ಹಲ್ಲು ತಿಕ್ಕಿದ ಹಾಗೆ ಅದನ್ನೂ ಮಾಡಿ ಮುಗಿಸುತ್ತಿದ್ದೆ.

ನಮ್ಮ ಅತ್ತಿಗೆ ಓದು ಬರುತ್ತಿರಲಿಲ್ಲ. ಶಾಸ್ತ್ರ ಹೇಳುವ ಹೆಂಗಸಲ್ಲ. ಅವತ್ತು ಇಷ್ಟು ಹೇಳಿದಳು: "ನಾಳಿಂದ ಗಡಿಯಾರಕ್ಕ ಬೆನ್ನ ಹಾಕಿ ಕುಂದ್ರು. ಲಿಂಗದ ಮ್ಯಾಲೆ ಕಣ್ಣಿಡು. ಕಣ್ಣ ಅತ್ತಿತ್ತ ಹೊಂಟ್ರ ಎಳದು ತಂದು ಮತ್ತ ಅಲ್ಲೇ ಇಡು. ಅಂಜಿಕಿ ಬಂದ್ರ ಅವನಿಗೇ ಹೇಳು, ನನಗ ಇಂಥವರ ಅಂಜಿಕಿ ಐತಪ್ಪಾ, ಇಟಗೋ ಅಂತ. ಅವನ ಮನ್ಯಾಗ ಜಾಗಾ ಭಾಳ ಐತಿ."

ಮಾಡಿದೆ. ಮೊದಮೊದಲು ಲಿಂಗ ಕಾಣಲೇ ಇಲ್ಲ. ಸಿನಿಮಾದವರು ಬಂದರು, ಕೊಪ್ಪಳದ ಸಾಹೇಬರು ಬಂದರು, ಶಾಂತಾ ಸಿಸ್ಟರು ಕತ್ತರಿ ಎಣಿಸುತ್ತಾ ಬಂದರು. ಸಣ್ಣ ಕಪ್ಪು ಲಿಂಗದ ಮೇಲೆ ಊರೆಲ್ಲ ಬಂದು ಕೂತ ಹಾಗಿತ್ತು. ಒಬ್ಬೊಬ್ಬರನ್ನೇ, "ಇವರನ್ನ ಇಟಗೋಪಾ" ಅಂತ ಅವನಿಗೇ ಕೊಟ್ಟೆ. ಭಾಳ ದಿನದ ಮೇಲೆ ಒಂದು ಮುಂಜಾನೆ ಲಿಂಗದ ನುಣುಪಿನ ಮೇಲೆ ಕಿಟಕಿಯ ಬೆಳಕು ಸಾಸಿವಿ ಕಾಳಿನಷ್ಟು ನಿಂತಿದ್ದು ಕಂಡಿತು. ಅದೊಂದೇ ಇತ್ತು. ಮತ್ತಾರೂ ಇರಲಿಲ್ಲ. ನಾನೂ ಇದ್ದೆನೋ ಇಲ್ಲವೋ, ಹೇಳಲು ಬರುವುದಿಲ್ಲ. ಎದ್ದಾಗ ಮೈ ಹಗುರ ಇತ್ತು. ಅವತ್ತು ಡ್ಯೂಟಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಮರುದಿನದಿಂದ ನಸುಕಿನಲ್ಲೇ ಎದ್ದೆ.

ಇದನ್ನು ಬರೆಯುವಾಗ ಮಾಬುಬಿ ನೆನಪಾಗುತ್ತಾಳೆ. ನನ್ನ ಜೋಡಿ ಆಯಾ ಇದ್ದಳು. ಯಾವ ಸಾಹೇಬ ಬಂದರೂ ಆಕಿ ಕಸಬರಿಗಿ ನಿಲ್ಲಿಸುತ್ತಿರಲಿಲ್ಲ, "ಕಾಲ ಎತ್ತರಿ" ಅಂದು ಒರೆಸಿ ಮುಂದೆ ಹೋಗುವಳು. ಬಾಯಿ ಜೋರಿನ ಹೆಂಗಸು ಅಂದುಕೊಂಡಿದ್ದೆ. ಆಕಿ ದಿನಾ ನಮಾಜು ಮಾಡಿ ಬರುತ್ತಿದ್ದಳು. ಒಮ್ಮೆ ಕೇಳಿದೆ, ನಿನಗ ಅಂಜಿಕಿ ಇಲ್ಲೇನು ಅಂತ. "ಐತಲ್ಲವಾ, ಒಬ್ಬನದು ಐತಿ. ಎಷ್ಟ ಮಂದೀಗೆ ಅಂಜಲಿ?" ಅಂದಳು. ಆಕಿಯ ಬಾಯಿಯೂ ಜೋರೇ ಇತ್ತು, ಅದು ಬೇರೆ ಮಾತು.

ಇನ್ನು ರೇಣುಕಾ ಮುಖ್ಯವಾಗಿ ತಿಳಿದುಕೊಳ್ಳಬೇಕಾದ್ದು. ಆವಾಗ ನಾವಿದ್ದ ಊರಲ್ಲಿ ಒಬ್ಬ ದೊಡ್ಡ ಮನುಷ್ಯರಿದ್ದರು. ಧಣೇರು ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವರ ಮಾತಿಗೆ ತಹಶೀಲ್ದಾರರೇ ಬದಲಿ ಆಗುತ್ತಿದ್ದರು. ನಮ್ಮಲ್ಲಿ ಒಬ್ಬ ಕಂಪೌಂಡರ್ ಅವರ ಮನಿಯವರಿಗೆ ಸರದಿಯಲ್ಲಿ ನಿಲ್ಲಿರಿ ಅಂದದ್ದಕ್ಕೆ ರಾಯಚೂರಿನ ಆಚೆ ಎಲ್ಲಿಗೋ ಹೋದ. ಧಣೇರು ಬಾಯಿ ಬಿಟ್ಟು ಬೈದದ್ದನ್ನು ಯಾರೂ ಕೇಳಿರಲಿಲ್ಲ. ಬೈಯುವ ಕೆಲಸಕ್ಕೆ ವಿರುಪಣ್ಣ ಇದ್ದ. ಅವರ ಜೀಪಿನ ಮುಂದಿನ ಸೀಟಿನವನು.

ಬ್ಯಾಸಿಗಿ ಮಧ್ಯಾಹ್ನ. ಹೆರಿಗಿ ಕೋಣಿಯಲ್ಲಿ ಎರಡು ಟೇಬಲ್ಲು ಇರುತ್ತಿದ್ದವು. ಒಂದರ ಕಾಲು ಮುರಿದು ವೆಲ್ಡಿಂಗಿಗೆ ಹೋಗಿತ್ತು. ಉಳಿದ ಒಂದರ ಮೇಲೆ ಮಾಳವ್ವ ಅನ್ನುವ ಹುಡುಗಿ ಮಲಗಿದ್ದಳು. ಕುರಿ ಕಾಯುವ ಮಂದಿ. ಕನಕಗಿರಿ ಕಡೆ ಹಟ್ಟಿ ಹಾಕಿದ್ದರು, ಅಲ್ಲಿಂದ ಅವ್ವ ಕರೆದುಕೊಂಡು ಬಂದಿದ್ದಳು. ಚೊಚ್ಚಲು. ಮುಂಜಾನಿಯಿಂದ ಒದ್ದಾಡಿ, ಈಗ ಕೂಸಿನ ತಲಿ ಕಾಣಿಸುತ್ತಿತ್ತು. ಆ ಹೊತ್ತಿನಲ್ಲಿ ಹೆಣ್ಣುಮಗಳನ್ನು ಅಲುಗಿಸಬಾರದು. ಎಬ್ಬಿಸಿ ಕೆಳಗೆ ಇಳಿಸಿದರೆ ತಾಯಿಗೂ ಕೂಸಿಗೂ ಏನು ಬೇಕಾದರೂ ಆಗಬಹುದು.

ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಒಂದಲ್ಲ, ಎರಡು. ಡಾಕ್ಟರು ಕಕ್ಕಸಕ್ಕೆ ಹೋದರು.

ಧಣೇರ ಸೊಸಿಗೆ ನೋವು ಸುರು ಆಗಿತ್ತು. ಗಂಗಾವತಿಯ ದೊಡ್ಡ ದವಾಖಾನಿಗೆ ಅಂತ ಹೊರಟವರು, ದಾರಿಯಲ್ಲಿ ಆಕಿ ಚೀರಿದಳು ಅಂತ ಗಾಬರಿಯಾಗಿ ನಮ್ಮ ಕಡೆ ತಿರುಗಿಸಿದ್ದರು. ಪಡಸಾಲಿಯ ತುಂಬಾ ಮಂದಿ ಬಂದರು. ಶಾಂತಾ ಸಿಸ್ಟರು ಒಳಗಿನಿಂದ ತಲಿ ಎತ್ತದೆ ಹೇಳಿದರು: "ನೀಲವ್ವಾ, ಬಾಗಲ ನೋಡಕೋ. ನನ್ನ ಕೈ ಖಾಲಿ ಇಲ್ಲ."

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತೆ. ವಿರುಪಣ್ಣ ಮುಂದೆ ಬಂದ.

"ಏ ಆಯಾ, ಸರಿ ಅತ್ತಾಗ. ಧಣೇರ ಸೊಸಿ ಬಂದಾರ. ಟೇಬಲ್ ಖಾಲಿ ಮಾಡಸು."

"ಟೇಬಲ್ ಮ್ಯಾಲೆ ಒಬ್ಬಾಕಿ ಅದಾಳ್ರಿ. ಕೂಸಿನ ತಲಿ ಕಾಣಾಕತ್ತೈತಿ."

"ಯಾರಾಕಿ?"

"ಮಾಳವ್ವ ಅಂತ್ರಿ. ಕುರಿ ಹಟ್ಯಾಗಿಂದ ಬಂದಾಳ."

"ಕುರಿಯೋರಿಗೆ ಟೇಬಲ್ ಯಾಕ? ಅವ್ರು ಅಡವ್ಯಾಗ ಹಡದು ಕುರಿ ಬೆನ್ನ ಹತ್ತತಾರ. ಕೆಳಗ ಚಾಪಿ ಮ್ಯಾಲೆ ಇಳಸು."

ಅಂಜಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮನಸ್ಸು ರಾಯಚೂರಿನ ಆಚೆ ಹೋಗಿತ್ತು, ನಮ್ಮ ಅತ್ತಿಯನ್ನು, ಮಗನ ಸಾಲಿಯನ್ನು ಎಣಿಸುತ್ತಿತ್ತು. ಕಣ್ಣು ಕೆಳಗೆ ಜಾರಿ ಅವನ ಚಪ್ಪಲಿ ನೋಡಿತು. ಚಪ್ಪಲಿ ನೋಡಿದರೆ ಮುಗಿಯಿತು ಅಂತ ನನಗೆ ಗೊತ್ತಿತ್ತು, ಕೊಪ್ಪಳದಲ್ಲಿ ಗಾಜಿನ ಗುಂಡು ನೋಡಿದಾಕಿ ನಾನು. ಮುಂಜಾನೆ ಎಳೆಯುವ ಹಾಗೆ ಕಣ್ಣನ್ನು ಎಳೆದು ಮೇಲೆ ತಂದೆ. ಅವನ ಹಣೆಯ ಮೇಲೆ ಮೂರು ಬೆರಳಿನ ಇಭೂತಿ ಇತ್ತು. ಬೆವರಿಗೆ ಕೆಳಗಿನ ಗೆರಿ ಅಳಿಸಿ ಹುಬ್ಬಿಗೆ ಇಳಿದಿತ್ತು. ಇಭೂತಿ ಯಾರ ಹಣೆಯ ಮೇಲಿದ್ದರೂ ಅವನದೇ, ನನ್ನ ಅಂಗೈಯಲ್ಲಿ ಇರುವವನದು. ಅಲ್ಲೇ ಕಣ್ಣಿಟ್ಟೆ. "ಇವನನ್ನೂ ಇಟಗೋಪಾ" ಅಂದೆ ಒಳಗೊಳಗೆ. ಅಂಜಿಕಿ ಹೋಗಲಿಲ್ಲ, ಆದರೆ ನಾಲಿಗಿ ಬಿಟ್ಟಿತು.

"ಧಣೇರು ಅಂದ್ರ ಯಾರಂತ ಗೊತ್ತಿಲ್ಲೇನ ನಿನಗ?" ಅಂದ ಅವನು.

"ನನಗ ಗೊತ್ತೈತ್ರಿ. ಒಳಗಿನ ಕೂಸಿಗೆ ಗೊತ್ತಿಲ್ಲ. ಹುಟ್ಟಿದ ಕೂಡ್ಲೆ ಹೇಳ್ತೀನಿ."

ಅವನ ಹಿಂದೆ ನಿಂತವರಲ್ಲಿ ಒಬ್ಬ ಫಕ್ ಅಂತ ನಕ್ಕ. ವಿರುಪಣ್ಣ ಹಿಂದೆ ತಿರುಗಿ ನೋಡಿದ, ನಗು ನಿಂತಿತು.

"ನಾಳೆ ನೀ ಎಲ್ಲಿರ್ತೀ ನೋಡಕೋ ಮತ್ತ."

"ಇವತ್ತ ಇಲ್ಲೇ ಅದೀನ್ರಿ."

ಮಂದಿ ಎರಡು ಕಡೆ ಸರಿಯಿತು. ಧಣೇರು ಬಂದರು. ಅವರನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಫೋಟೋದಲ್ಲಿ ಎತ್ತರ ಕಾಣುತ್ತಿದ್ದರು, ಅಷ್ಟೇನಿಲ್ಲ. ಶಲ್ಯದಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಯಾಕ ತಡಾ?" ಅಂದರು, ಸಣ್ಣ ದನಿಯಲ್ಲಿ.

"ಈ ಆಯಾ ಬಿಡವಲ್ಲಳ್ರಿ ಧಣೇರ," ಅಂದ ವಿರುಪಣ್ಣ.

ಕೈ ಮುಗಿದೆ. "ಶರಣ್ರಿ ಧಣೇರ. ಸೊಸಿ ಎಲ್ಲಿ ಅದಾರ್ರಿ?"

ಎಲ್ಲರೂ ಅತ್ತಿತ್ತ ನೋಡಿದರು. ಆಕಿಯ ಹೆಸರಿನಲ್ಲಿ ಅಷ್ಟು ಮಂದಿ ಬಂದಿದ್ದರು, ಆಕಿ ಎಲ್ಲಿದ್ದಾಳೆ ಅಂತ ಒಬ್ಬನಿಗೂ ಗೊತ್ತಿರಲಿಲ್ಲ. ಬಾಗಿಲ ಪಕ್ಕದ ಬಾಕಿನ ಮೇಲೆ, ನನ್ನಿಂದ ಒಂದು ಮೊಳ ದೂರದಲ್ಲೇ ಕೂತಿದ್ದಳು. ತಲಿ ತುಂಬಾ ಸೆರಗು, ಬಾಕಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು. ಸುಜಾತಾ ಅಂತ ಹೆಸರು. ಬಾಜೂ ಧಣೇರ ಹೆಂಡತಿ ನಿಂತಿದ್ದರು. ನಾನು ಬಾಗಿಲು ಬಿಡದೆ ಬಗ್ಗಿ ಆಕಿಯ ಹೊಟ್ಟಿ ಮುಟ್ಟಿ ನೋಡಿದೆ. ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ಇನ್ನೂ ಹೊತ್ತಿತ್ತು. ಆದರೆ ಹುಡುಗಿ ಅಂಜಿ ಬಿಳಿಚಿದ್ದಳು. ಸೆರಗು ಸರಿದಾಗ ನೋಡಿದೆ, ಕೊರಳು ಬರಿದಾಗಿತ್ತು.

"ಲಿಂಗ ಎಲ್ಲೈತಿ ತಂಗಿ?"

ಆಕಿ ಅತ್ತಿಯ ಮುಖ ನೋಡಿದಳು. ಅತ್ತಿ ಹೇಳಿದರು: "ನೋವು ಸುರು ಆದ ಕೂಡ್ಲೆ ತಗಸೀನಿ. ಹಡಿಯೂ ಹೊತ್ತಿನ್ಯಾಗ ಮೈಲಿಗಿ ಆಗತೈತಲ್ಲವಾ."

ನನಗೆ ಎಲ್ಲಿಂದ ಬಂತೋ ಸಿಟ್ಟು. "ಲಿಂಗ ಕಟ್ಟಿದವರಿಗೆ ಎಲ್ಲೀ ಮೈಲಿಗಿರಿ ಅಮ್ಮಾರ? ನಾ ದಿನಾ ಇದ ರಕ್ತದಾಗ ಕೈ ಇಡ್ತೀನಿ, ದಿನಾ ಮುಂಜಾನೆ ಇದ ಕೈಯಾಗ ಅವನನ್ನ ಹಿಡೀತೀನಿ. ಅವನು ಒಂದ ದಿನಾನೂ ಬ್ಯಾಡ ಅಂದಿಲ್ಲ. ಕೊಡ್ರಿ ಇಲ್ಲಿ."

ಧಣೇರ ಹೆಂಡತಿಗೆ ಕೈ ಚಾಚಿ ಕೊಡ್ರಿ ಅಂದವರು ಆ ಊರಲ್ಲಿ ಯಾರಿದ್ದರೋ ಗೊತ್ತಿಲ್ಲ. ಅವರು ಒಮ್ಮೆ ಗಂಡನ ಕಡೆ ನೋಡಿ, ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಬೆಳ್ಳಿ ಕರಡಿಗಿ, ಒಳಗೆ ಲಿಂಗ. ದಾರವನ್ನು ಹುಡುಗಿಯ ಕೊರಳಿಗೆ ಕಟ್ಟಿ, ಲಿಂಗ ತೆಗೆದು ಅಂಗೈಯಲ್ಲಿ ಇಟ್ಟೆ.

"ಕಣ್ಣ ಮುಚ್ಚಬ್ಯಾಡ. ಇದನ್ನ ನೋಡು. ನಿಮ್ಮ ಮಾವನೋರನ್ನ ನೋಡಬ್ಯಾಡ, ನನ್ನ ನೋಡಬ್ಯಾಡ. ನೋವು ಬಂದಾಗ ಮುಷ್ಟಿ ಹಿಡಿ, ಹೋದಾಗ ಬಿಚ್ಚಿ ನೋಡು."

ಆಕಿ ನೋಡುತ್ತಾ ಕೂತಳು. ಉಸಿರು ಸ್ವಲ್ಪ ಸಾವಕಾಶ ಆಯಿತು.

ವಿರುಪಣ್ಣನಿಗೆ ಇದೆಲ್ಲ ತಡೆಯಲಿಲ್ಲ. "ಇದೇನ ಮಠ ಏನು? ಸರಿ" ಅಂತ ನನ್ನ ಹೆಗಲ ಮೇಲಿಂದ ಕೈ ಹಾಕಿ ಬಾಗಿಲು ದೂಡಿದ. ಒಳಗೆ ಮಾಳವ್ವ ಚೀರಿದಳು. ನಾನು ಎರಡೂ ಕೈಯಿಂದ ಚೌಕಟ್ಟು ಹಿಡಿದುಕೊಂಡೆ.

"ಮಾವಾರ."

ಯಾರು ಮಾತಾಡಿದ್ದು ಅಂತ ಮೊದಲು ಯಾರಿಗೂ ತಿಳಿಯಲಿಲ್ಲ. ದೊಡ್ಡ ಮನಿಗಳಲ್ಲಿ ಸೊಸಿ ಮಾವನ ಎದುರಿಗೆ ನಿಲ್ಲುವುದಿಲ್ಲ, ಬಾಯಿ ಬಿಟ್ಟು ಮಾತಾಡುವುದಂತೂ ದೂರ. ಹೇಳುವುದಿದ್ದರೆ ಅತ್ತಿಯ ಕಿವಿಯಲ್ಲಿ ಹೇಳಬೇಕು. ಆ ಹುಡುಗಿ ಮದುವಿಯಾಗಿ ಬಂದಾಗಿನಿಂದ ಮಾವನ ಜೋಡಿ ಆಡಿದ ಮೊದಲ ಮಾತು ಅದು. ಕಣ್ಣು ಅಂಗೈಯ ಮೇಲೆಯೇ ಇತ್ತು.

"ಮಾವಾರ, ಆಕೀದು ಮುಗೀಲ್ರಿ. ನಾ ತಡಕೋತೀನಿ. ಇವತ್ತ ಆಕಿನ ನಡುವ ಎಬ್ಬಿಸಿದ್ರ, ನಾ ಮಲಗಿದಾಗ ನಿಮಗಿಂತ ದೊಡ್ಡೋರು ಬಂದ್ರ ನನ್ನೂ ಇಳಸ್ತಾರೇನ್ರಿ?"

ಧಣೇರ ಕೈ ಎದಿಯ ಮೇಲಿನ ಲಿಂಗದ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅಂದರು: "ವಿರುಪಣ್ಣಾ, ಕೈ ತಗಿ."

ಆತ ಕೈ ತೆಗೆದ.

ಗೋಡೆಯ ಬುಡದಲ್ಲಿ ಮಾಳವ್ವನ ಅವ್ವ ಕಂಬಳಿ ಹಾಸಿಕೊಂಡು ಕೂತಿದ್ದಳು. ಇಷ್ಟು ಹೊತ್ತು ಈ ಗದ್ದಲ ಯಾಕೆ ಅಂತ ಆಕಿಗೆ ತಿಳಿದಿರಲಿಲ್ಲ. ನಿಂತ ಮುದುಕನನ್ನು ಕಂಡು ಕಂಬಳಿ ಸ್ವಲ್ಪ ಸರಿಸಿದಳು.

"ಯಪ್ಪಾ, ನಿಂದೂ ಸೊಸಿ ಬಾಣಂತನ ಏನು? ಬಾ, ಕುಂದ್ರು. ನಿಂತ್ರ ಲಗೂನ ಹುಟ್ಟತಾವೇನು?"

"ಏ ಮುದುಕಿ," ಅಂದ ವಿರುಪಣ್ಣ, "ಯಾರ ಜೋಡಿ ಮಾತಾಡಾಕತ್ತೀ, ಗೊತ್ತೈತೇನು?"

"ಅದ ಅಲ್ಲಪಾ, ಸೊಸಿ ಹಡೀಲಿ ಅಂತ ಕಾಯೋ ಮನಷ್ಯಾ."

ಧಣೇರು ಕಂಬಳಿಯ ಮೇಲೆ ಕೂತರು. ಆಕಿ ಚಂಚಿಯಿಂದ ಎಲಿ ತೆಗೆದು, ಸುಣ್ಣ ಹಚ್ಚಿ ಕೊಟ್ಟಳು. ತಿಂದರು. "ಮೊದಲನೇದೇನು?" ಅಂತ ಆಕಿ ಕೇಳಿದಳು. "ಹೂಂ, ಮೊದಲನೇದು" ಅಂದರು. "ನಂದೂ ಮೊದಲನೇದ, ಮಗಳದು. ಅಂಜಬ್ಯಾಡ" ಅಂದಳು. ಅಂಥ ಮನುಷ್ಯರಿಗೆ ಅಂಜಬೇಡ ಅಂತ ಹೇಳಿದ್ದನ್ನು ನಾನು ಅವತ್ತೇ ಕೇಳಿದ್ದು. ಬೆನ್ನ ಹಿಂದೆ ಕೂಸು ಅತ್ತಿತು. ನಾನು ಬಾಗಿಲಿಗೆ ತಲಿ ಆನಿಸಿ ಉಸಿರು ಬಿಟ್ಟೆ. ಅವತ್ತಿನ ಆ ಉಸಿರು ಈಗ ನೆನೆಸಿಕೊಂಡರೂ ಎದಿ ಸಡಿಲಾಗುತ್ತದೆ.

ಮಾಳವ್ವಗೆ ಹೆಣ್ಣು. ಕೂಸನ್ನು ಒರೆಸಿ ಅಜ್ಜಿಯ ಕೈಗೆ ಕೊಟ್ಟು, ಟೇಬಲ್ಲನ್ನು ಫಿನಾಯಿಲು ಹಾಕಿ ತೊಳೆದು, ಬೇರೆ ರಬ್ಬರ್ ಶೀಟು ಹಾಕಿದೆ. ಸುಜಾತಾ ಒಳಗೆ ಬಂದಳು. ಹೊತ್ತು ಮುಳುಗುವುದರೊಳಗೆ ಹಡೆದಳು, ಗಂಡು. ಹಡೆಯುವ ತನಕ ಮುಷ್ಟಿ ಬಿಚ್ಚಲಿಲ್ಲ, ಅಂಗೈಯಲ್ಲಿ ಲಿಂಗದ ಗುರುತು ಕೆಂಪಗೆ ಮೂಡಿತ್ತು. ಡಾಕ್ಟರು ಅಷ್ಟೊತ್ತಿಗೆ ಕಕ್ಕಸದಿಂದ ಬಂದು ಧಣೇರಿಗೆ ಕೈ ಮುಗಿದು ಸಿಹಿ ಕೇಳಿದರು. ಶಾಂತಾ ಸಿಸ್ಟರು ನನಗೆ ಒಂದೇ ಮಾತು ಅಂದರು: "ಕತ್ತರಿ ಎಣಸು."

ದೇವರು ಇಳಿದು ಬಂದು ಬಾಗಿಲಿಗೆ ನಿಂತ ಅಂತ ನಾನು ಹೇಳುವುದಿಲ್ಲ. ನಿಂತವಳು ನಾನು, ಚೌಕಟ್ಟು ಹಿಡಿದು ಕೈ ತರಚಿದ್ದು ನನ್ನದು. ಆದರೆ ಮುಂಜಾನೆ ಅವನ ಮುಂದೆ ಕೂರದೇ ಹೋಗಿದ್ದರೆ ನಾನು ವಿರುಪಣ್ಣನ ಚಪ್ಪಲಿಯನ್ನೇ ನೋಡುತ್ತಾ ಬಾಗಿಲು ತೆರೆಯುತ್ತಿದ್ದೆ. ಇದು ನನಗೆ ಖಾತ್ರಿ.

ಇಲ್ಲಿಗೆ ನಿಲ್ಲಿಸಿದರೆ ಕಥಿ ಚಂದ ಆಗುತ್ತದೆ. ಆದರೆ ಬದಲಿ ಆರ್ಡರು ಬಂತು. ಧಣೇರು ಮಾಡಿಸಿದರೋ, ಅವರಿಗೆ ತಿಳಿಯದ ಹಾಗೆ ವಿರುಪಣ್ಣ ಮಾಡಿಸಿದನೋ, ಸುಮ್ಮನೆ ನನ್ನ ಸರದಿ ಬಂದಿತ್ತೋ, ಕೇಳಲು ಹೋಗಲಿಲ್ಲ. ಕುಷ್ಟಗಿಗೆ ಹಾಕಿದ್ದರು. ಮಾಬುಬಿ ಬೈದಳು, ಶಾಂತಾ ಸಿಸ್ಟರು ಡಾಕ್ಟರಿಗೆ ಹೇಳುತ್ತೇನೆ ಅಂದರು. ನಮ್ಮ ಅತ್ತಿ ಆರ್ಡರನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲಿ ಜ್ವಾಳಾ ಹೆಂಗದಾವಂತ?" ಅಂದಳು.

ಅಷ್ಟು ವರ್ಷ ಈ ಬದಲಿಗೆ ಅಂಜಿ ಎಷ್ಟು ಸಲ ತಲಿ ತಗ್ಗಿಸಿದ್ದೆ. ಬಂದ ಮೇಲೆ ನೋಡಿದರೆ ಅದು ಒಂದು ಬಸ್ಸು. ಟ್ರಂಕನ್ನು ಟಾಪಿನ ಮೇಲೆ ಹಾಕಿದರು, ಅತ್ತಿ ಕಿಟಕಿ ಹತ್ತಿರ ಕೂತಳು, ಮಗ ನನ್ನ ತೊಡಿ ಮೇಲೆ ಮಲಗಿದ. ದಾರಿಯಲ್ಲಿ ಶೇಂಗಾ ತಿಂದೆವು. ಕುಷ್ಟಗಿಯಲ್ಲಿ ದವಾಖಾನಿ ಹತ್ತಿರವೇ ಮನಿ ಸಿಕ್ಕಿತು, ನೀರು ಛಲೋ ಇತ್ತು, ಮೊದಲಿನದಕ್ಕಿಂತ ಛಲೋ. ಬಸ್ಸಿನಿಂದ ಇಳಿಯುವಾಗಲೇ ನನಗೆ ನಗು ಬಂದಿತ್ತು. ಅಂಜಿಕಿಯ ಕಡೇ ಸ್ಟಾಪು ಇದೇ ಆದರೆ ಇನ್ನೇನು ಉಳಿಯಿತು.

ಮರುದಿನ ನಸುಕಿನಲ್ಲಿ ಲಿಂಗಪೂಜಿಗೆ ಕೂತಿದ್ದೆ. ದವಾಖಾನಿಯಿಂದ ವಾರ್ಡ್ ಬಾಯ್ ಬಂದು ಬಾಗಿಲಲ್ಲಿ ನಿಂತು, "ಆಯಾ, ದೊಡ್ಡ ಡಾಕ್ಟರು ಬಂದಾರ, ಕರಿತಾರ, ಲಗೂ ಬಾ" ಅಂದ. ಅಂಗೈಯಿಂದ ಕಣ್ಣು ತೆಗೆಯಲಿಲ್ಲ. ಒಳಗಿನಿಂದ ಅತ್ತಿ ಹೇಳಿದಳು: "ಆಕಿ ಅವರಿಗಿಂತ ದೊಡ್ಡವನ ಕೂಡ ಕುಂತಾಳ. ಎದ್ದ ಕೂಡ್ಲೆ ಬರ್ತಾಳಂತ ಹೇಳು."

ಪೂಜಿ ಮುಗಿಸಿ ಹೋದೆ. ಡಾಕ್ಟರ ಟೇಬಲ್ಲೂ ದೊಡ್ಡದೇ, ಮೇಲೆ ಫ್ಯಾನು. ಕನ್ನಡಕದೊಳಗೆ ಸಣ್ಣ ಕಣ್ಣು, ಕ್ಷೌರ ಮಾಡಿಕೊಳ್ಳುವಾಗ ಗದ್ದ ಕೊಯ್ದುಕೊಂಡು ಹತ್ತಿ ಅಂಟಿಸಿದ್ದರು. ನನ್ನ ಕಾಗದ ಮುಂದೆ ಇಟ್ಟುಕೊಂಡು ಕೇಳಿದರು:

"ನೀಲವ್ವ. ಹಾಂ. ಗಂಡನ ಹೆಸರು?"

ಅವರ ಮುಖ ನೋಡಿಯೇ ಹೇಳಿದೆ. "ನಮ್ಮಾಗ ಗಂಡನ ಹೆಸರು ಹೇಳಾಂಗಿಲ್ರಿ ಸಾಹೇಬ್ರ. ನಿಮ್ಮ ಕೈಯಾಗಿನ ಕಾಗದದಾಗ ಐತಿ. ನೀವ ಓದಿಕೊಳ್ರಿ."

ಅವರು ಕನ್ನಡಕ ಸರಿ ಮಾಡಿಕೊಂಡು ಓದಿಕೊಂಡರು. "ಸರಿ, ಹೆರಿಗಿ ಕೋಣಿಗೆ ಹೋಗು, ಒಬ್ಬಾಕಿ ಬಂದಾಳ" ಅಂದರು.

ಸೆರಗು ನಡುವಿಗೆ ಸಿಗಿಸಿಕೊಂಡು ಹೋದೆ.